ಶ್ರೀ ಬರೆದ ಹಾಳೆ

ನನ್ನ ಗಂಡ ಹಾಲಪ್ಪನವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ನಾನೇನೂ ಕಡಿಮೆಯವಳಲ್ಲ. ದಾವಣಗೆರೆ ಬಿಟ್ಟು ಹನ್ನೊಂದು ವರ್ಷವಾಯಿತು. ವಡೋದರಾದ ಫತೇಗಂಜ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಸಂಜೆ ಅವರು ಕಾಲೇಜು ಮಕ್ಕಳಿಗೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುತ್ತಾರೆ. ಒಳಗೆ ರೊಟ್ಟಿ ಬಡಿಯುತ್ತಾ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ: ಮೆಥಡ್, ಅಂದರೆ ಪ್ರೋಗ್ರಾಮಿನಲ್ಲಿ ಒಂದು ಕೆಲಸ ಮಾಡುವ ತುಣುಕು, ಬರೆಯುವಾಗ ಅದು ಎಂಥ ಉತ್ತರ ವಾಪಸ್ ಕೊಡುತ್ತದೆಂದು ಮೊದಲ ಸಾಲಿನಲ್ಲೇ ಹೇಳಬೇಕು, ಏನೂ ಕೊಡದಿದ್ದರೆ ಮಾತ್ರ ‘ವಾಯ್ಡ್’ ಎನ್ನಬೇಕು.

ಹಾಸನದ ಧನುಶ್ರೀ ಹಾಸ್ಟೆಲ್ ಹುಡುಗಿ. ಪ್ರಾಕ್ಟಿಕಲ್‌ನಲ್ಲಿ ಎರಡು ಸಲ ಫೇಲಾದ ಮೇಲೆ ನಮ್ಮಲ್ಲಿಗೆ ಬಂದವಳು. ಗುರುವಾರದ ಪರೀಕ್ಷೆಯೂ ಕೈಕೊಟ್ಟರೆ ಸೂರತ್‌ನಲ್ಲಿ ಸಿಕ್ಕಿದ್ದ ಕೆಲಸ ಹೋಗುತ್ತಿತ್ತು. ಸೋಮವಾರ ಆಕೆ ಸರಾಸರಿ ಅಂಕ ತೆಗೆಯುವ ಮೆಥಡ್‌ಗೆ ವಾಯ್ಡ್ ಎಂದು ಬರೆದು, ಕೊನೆಯಲ್ಲಿ ಉತ್ತರ ವಾಪಸ್ ಕೊಟ್ಟಳು. ಕಂಪ್ಯೂಟರ್ ಒಪ್ಪಲಿಲ್ಲ. ಮೂರು ಸಲ ತಿದ್ದಿದರೂ ಅದೇ ತಪ್ಪು, ತಲೆಯಲ್ಲಿ ಏನು ತುಂಬಿಕೊಂಡಿದ್ದೀಯ ಎಂದು ಇವರು ಎಲ್ಲರ ಮುಂದೆ ಹಿಗ್ಗಾಮುಗ್ಗಾ ಬೈದರು. ನನಗೆ ಮೈಯೆಲ್ಲ ಉರಿಯಿತು.

ಹುಡುಗಿ ಚೀಲದಿಂದ ಜೆರಾಕ್ಸ್ ಕಟ್ಟು ತೆಗೆದಳು. ಇಲ್ಲಿಯ ಪದ್ಧತಿಯೇ ಅದು. ಸೀನಿಯರ್‌ಗಳ ನೋಟ್ಸ್ ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿರುತ್ತವೆ, ಮಕ್ಕಳು ಕಂಪ್ಯೂಟರ್ ಮುಟ್ಟದೆ ಅದನ್ನೇ ಉರು ಹೊಡೆಯುತ್ತಾರೆ. ಹಾಳೆಯ ಮೇಲ್ತುದಿಯಲ್ಲಿ ಕನ್ನಡದಲ್ಲಿ ‘ಶ್ರೀ’. ಗುಜರಾತಿ ಹುಡುಗರು ಅದನ್ನೂ ಪ್ರೋಗ್ರಾಮಿನ ಭಾಗವೆಂದುಕೊಂಡು ಚಿತ್ರ ಬಿಡಿಸಿದಂತೆ ನಕಲು ಮಾಡಿಕೊಳ್ಳುತ್ತಿದ್ದರಂತೆ. ಈ ಬೀದಿಯಲ್ಲಿ ಶ್ರೀ ಬರೆಯದೆ ಪೆನ್ನು ಓಡಿಸದ ಮನುಷ್ಯ ಒಬ್ಬರೇ, ನಮ್ಮ ಇವರು. ಯಾವುದೋ ವರ್ಷ ಮಕ್ಕಳಿಗೆ ಬರೆದುಕೊಟ್ಟ ಹಾಳೆಯಲ್ಲಿ ಕೊನೆಯ ಸಾಲನ್ನು ಉತ್ತರ ವಾಪಸ್ ಕೊಡುವಂತೆ ಬದಲಿಸಿ, ಮೇಲಿನ ವಾಯ್ಡ್ ಹೊಡೆದುಹಾಕುವುದನ್ನು ಮರೆತಿದ್ದರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕುವವರು!

“ನಿಮ್ಮ ಅಕ್ಷರ ಅಂತ ಇಲ್ಲಿಗೆ ಬಂದ ದಿನವೇ ಗೊತ್ತಾಯ್ತು ಸರ್,” ಎಂದಳು ಧನುಶ್ರೀ. “ಎರಡು ಸಲಾನೂ ಇದನ್ನೇ ಬರೆದಿದ್ದೆ. ನೀವು ಬರೆದಿದ್ದು ತಪ್ಪಿರಲ್ಲ, ನನಗೇ ಅರ್ಥ ಆಗಿಲ್ಲ ಅನ್ಕೊಂಡೆ.”

ಅವಳು ಎದ್ದು ಹೋದಳು. ಉಳಿದ ಮಕ್ಕಳೂ ಹೋದ ಮೇಲೆ ಬಾಗಿಲು ಹಾಕಿ ಬಂದವಳೇ ನಾನು ಇವರನ್ನು ಬಿಡಲಿಲ್ಲ. “ಬೈಯೋದು ಎಲ್ಲರ ಮುಂದೆ ಬೈದ್ರಲ್ಲ, ತಪ್ಪಾತು ಅನ್ನೋದೂ ಎಲ್ಲರ ಮುಂದೇನೇ ಅನ್ರಿ.”

ಮಂಗಳವಾರ ಅವಳು ಬರಲಿಲ್ಲ. ಇವರು ಮಕ್ಕಳ ಮುಂದೆ ತಪ್ಪೊಪ್ಪಿಕೊಂಡು, ಅಂಗಡಿಯಲ್ಲಿದ್ದ ಮೂಲ ಹಾಳೆ ಹರಿದು, ತಿದ್ದಿದ್ದನ್ನು ಇಟ್ಟು, ಹಾಸ್ಟೆಲ್ ಗೇಟಿನಲ್ಲಿ ಒಂದು ಗಂಟೆ ನಿಂತು ಅವಳನ್ನು ಕರೆತಂದರು.

ಗುರುವಾರ ಧನುಶ್ರೀ ಪಾಸಾದಳು. ಇವರು ಪೇಡಾ ಹಂಚಿದರು. ನಾನು ನನ್ನದನ್ನು ತಟ್ಟೆಯಲ್ಲೇ ಬಿಟ್ಟೆ. ಅದೇ ಹಾಳೆ ನಂಬಿ ಫೇಲಾಗಿ, ತಮಗೇ ಬುದ್ಧಿಯಿಲ್ಲವೆಂದು ಓದು ಬಿಟ್ಟ ಮಕ್ಕಳು ಎಷ್ಟು ಜನವೋ, ಅವರು ಯಾವ ಗೇಟಿನ ಹಿಂದಿದ್ದಾರೋ.