ಗೆರೆಗೆ ಎಳೆದು ಕೂಡಿಸಿದ ಪೆಟ್ಟುಗಳು

ನನ್ನ ತಮ್ಮನ ಬಲಗೈ ಮೊಣಕೈಯ ಕೆಳಗೆ ಇರಲಿಲ್ಲ. ಉಳಿದ ತುಂಡಿನ ತುದಿ ಬದನೆಕಾಯಿಯ ತೊಗಲಿನಂತೆ ನುಣ್ಣಗೆ ಮಿರುಗುತ್ತಿತ್ತು. ಎಲ್ಲಾದರೂ ಡೊಳ್ಳಿನ ಸದ್ದು ಕೇಳಿಸಿದರೆ ಸಾಕು, ಅದು ಅಂಗಿಯ ತೋಳಿನೊಳಗೇ ಮೇಲೆ ಕೆಳಗೆ ಆಡುತ್ತಿತ್ತು. ಅವನಿಗೆ ಅದರ ಅರಿವೇ ಇರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಹೆದರಿ ಸರಿದು ಕೂಡುತ್ತಿದ್ದರು.

ನಮ್ಮದು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಅಪ್ಪ ಬೀರೋಬಾನ ಗುಡಿಯಲ್ಲಿ ಡೊಳ್ಳು ಬಾರಿಸುವವನು. ತಮ್ಮನಿಗೂ ಅವನೇ ಕಲಿಸಿದ. ಅಪ್ಪ ತೀರಿದ ಮೇಲೆ ನಾವು ಸೊಲ್ಲಾಪುರಕ್ಕೆ ಬಂದೆವು. ತಮ್ಮ ಟಾವೆಲ್ ಕಾರ್ಖಾನೆಗೆ ಸೇರಿದ. ಲಗ್ನದ ಹಂಗಾಮಿನಲ್ಲಿ ಬ್ಯಾಂಡಿನವರ ಜೊತೆ ಡ್ರಮ್ ಬಾರಿಸುತ್ತಿದ್ದ. ಒಂದು ದಿನ ಯಂತ್ರದ ಪಟ್ಟಿ ಅವನ ತೋಳು ಹಿಡಿದು ಎಳೆಯಿತು. ಕೈ ಹೋಯಿತು, ತಲೆಗೂ ಏಟು ಬಿತ್ತು. ಆಮೇಲೆ ಫಿಟ್ಸ್ ಶುರುವಾಯಿತು. ಬೆಳಿಗ್ಗೆ ಸಂಜೆ ಗುಳಿಗೆ ನುಂಗಬೇಕು, ಏನೇ ಆದರೂ ತಪ್ಪಿಸಬಾರದು ಎಂದು ಡಾಕ್ಟರರು ಹೇಳಿ ಕಳಿಸಿದರು.

ನಾನು ನಾಲ್ಕನೆಯ ಇಯತ್ತೆಯವರೆಗೆ ಊರಿನ ಕನ್ನಡ ಶಾಲೆಗೆ ಹೋದವಳು. ಗಂಡನ ಮನೆ ಬಿಟ್ಟು ಬಂದು ಅವ್ವನ ಜೊತೆ ಬೀಡಿ ಕಟ್ಟುತ್ತಿದ್ದೆ. ಬ್ಯಾಂಡಿನ ಗೆಳೆಯನೊಬ್ಬ ತಮ್ಮನಿಗೆ ತನ್ನ ಹಳೆಯ ಕಂಪ್ಯೂಟರ್ ತಂದುಕೊಟ್ಟ. ಅದರಲ್ಲಿ ಹಾಡು ಕೂಡಿಸುವ ಸಾಫ್ಟ್‌ವೇರ್ ಇತ್ತು. ಪರದೆಯ ಮೇಲೆ ಉದ್ದುದ್ದ ಗೆರೆಗಳು. ಒಂದೊಂದು ಗೆರೆ ತಾಳದ ಒಂದೊಂದು ಜಾಗ. ಅಲ್ಲಿ ಚಿಕ್ಕ ಚೌಕ ಇಟ್ಟರೆ ಡ್ರಮ್ಮಿನ ಒಂದು ಪೆಟ್ಟು ಕೇಳುತ್ತದೆ. ಡೊಳ್ಳು ಬೇಕಾದರೆ ಡೊಳ್ಳು, ತಾಸೆ ಬೇಕಾದರೆ ತಾಸೆ. ಎಡಗೈಯಿಂದ ಅವನು ಮೌಸ್ ಆಡಿಸುತ್ತಿದ್ದ. ಕೀಲಿಗಳನ್ನು ಒತ್ತುವುದಕ್ಕೆ ನಾನು ಅವನ ಬಲಕ್ಕೆ ಕೂಡುತ್ತಿದ್ದೆ.

"ತಂಬಾಕದ ನಾತ ಹೊಡಿಯಾಕತ್ತದ ಕೀಬೋರ್ಡ್," ಅನ್ನುತ್ತಿದ್ದ.

"ಹಂಗಾರ ನೀನ ಒತ್ತಗೊ."

"ಅಕ್ಕಾ, ಸಿಟ್ಟಿಗೇಳಬ್ಯಾಡ. ನೀ ಸಿಟ್ಟಿಗೆದ್ದರ ನನ್ನ ಬಲಗೈನ ಸಿಟ್ಟಿಗೆದ್ದಂಗ."

ಡೊಳ್ಳು, ಡ್ರಮ್ಮು, ತಾಸೆ ಮೂರನ್ನೂ ಒಬ್ಬನೇ ಬಾರಿಸುವ ಹಾಗೆ ನಾನು ಒಂದೇ ಜಾಗಕ್ಕೆ ಮೂರು ಪೆಟ್ಟು ಇಟ್ಟರೆ ಬೈಯುತ್ತಿದ್ದ. "ಬಾರಸವಗ ಎರಡ ಕೈ ಇರತಾವ. ಮೂರನೇದು ಎಲ್ಲಿಂದ ತರತಿ?"

"ನಿನಗ ಒಂದ ಅದ," ಅಂದೆ ಒಮ್ಮೆ. ಅಂದು ನಾಲಿಗೆ ಕಚ್ಚಿಕೊಂಡೆ. ಅವನು ನಗುತ್ತಲೇ ಒಂದು ಚೌಕ ಅಳಿಸಿದ.

ಎರಡು ಪೆಟ್ಟು ಒಂದೇ ಜೋರಿನಲ್ಲಿ ಇರಬಾರದು. ಎಡಗೈಯದು ಬರಿ ಅಂಗೈಯ ಪೆಟ್ಟು, ಅದು ಮೆತ್ತಗೆ ಬರಬೇಕು. ಸುತ್ತಿನ ಕೊನೆಯಲ್ಲಿ ಆಳು ದಣಿದಿರುತ್ತಾನೆ, ಅದೂ ಕೇಳಬೇಕು. ನಮ್ಮ ಬೀದಿಯ ತುಂಬ ಮಗ್ಗಗಳು, ಹಗಲೆಲ್ಲ ಖಟಖಟ. "ಮಗ್ಗಕ್ಕ ದಣಿವಿಲ್ಲ. ಅದಕ್ಕ ಅದರ ಸಪ್ಪಳಕ್ಕ ಯಾರೂ ಕುಣಿಯಂಗಿಲ್ಲ," ಅನ್ನುತ್ತಿದ್ದ.

ಬೀರೋಬಾನ ಡೊಳ್ಳಿನ ವಿಷಯಕ್ಕೆ ಬಂದರೆ ಇನ್ನೂ ಬಿಗಿ. ನಮ್ಮ ಗುಡಿಯಲ್ಲಿ ಡೊಳ್ಳಿನವರು ನಿಂತು ಬಾರಿಸುವುದಿಲ್ಲ; ಜಿಗಿಜಿಗಿದು ಸುತ್ತು ತಿರುಗುತ್ತಾರೆ. ಪಾದ ನೆಲ ಮುಟ್ಟಿದ ಮೇಲೆಯೇ ಕೈ ಬೀಳುತ್ತದೆ. ಆದ್ದರಿಂದ ಅವನು ದೊಡ್ಡ ಪೆಟ್ಟನ್ನು ಎಂದೂ ಗೆರೆಯ ಮೇಲೆ ಇಡುತ್ತಿರಲಿಲ್ಲ. ಗೆರೆ ದಾಟಿ ಕೂದಲೆಳೆಯಷ್ಟು ಆಚೆಗೆ ಇಡುತ್ತಿದ್ದ. ಕಣ್ಣು ಮುಚ್ಚಿ ಕೇಳುತ್ತಿದ್ದ, ಮತ್ತೆ ಸರಿಸುತ್ತಿದ್ದ. ಕೈ ಹೋದ ಮೇಲೆ ಅವನ ಹತ್ತಿರ ಉಳಿದದ್ದು ಆ ಕಿವಿ ಒಂದೇ. ಅದನ್ನು ಅವನೂ ಬಲ್ಲ, ನಾನೂ ಬಲ್ಲೆ.

ಅಕ್ಕಲಕೋಟೆಯ ಕಡೆಯ ಒಬ್ಬ ಹಾಡುಗಾರ ಬೀರೋಬಾನ ಹಾಡು ಹಾಡಿ, ಡೊಳ್ಳು ಕೂಡಿಸಲು ನಮ್ಮಲ್ಲಿ ಕೊಟ್ಟಿದ್ದ. ತಮ್ಮ ಒಂದು ಚಳಿಗಾಲವೆಲ್ಲ ಅದರ ಮೇಲೆ ಕೂತ. ಅಪ್ಪನ ಕೈ ಹೇಗೆ ಬೀಳುತ್ತಿತ್ತೋ ಹಾಗೇ ಬರಬೇಕು ಎಂಬ ಹಟ. ಮುಗಿದ ದಿನ ಅವ್ವನನ್ನು ಕೂಡಿಸಿ ಕೇಳಿಸಿದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಅವ್ವನೂ ತಮ್ಮನೂ ದವಾಖಾನೆಗೆ ಹೋಗಿದ್ದಾಗ ಹಾಡುಗಾರ ಬಂದ. ಕೇಳಿದ. ಮುಖ ಸಪ್ಪಗಾಯಿತು.

"ಅಕ್ಕಾ, ಬೀಟ್ ಲೂಜ್ ಅದ. ಡಿಜೆದಾಗ ಹಾಕಿದರ ಪೋರಗೋಳು ನಗತಾವ."

"ಅಂವ ಬೇಕಂತನ ಹಂಗ ಹಾಕ್ಯಾನ್ರಿ."

"ಬೇಕಂತ ಅಲ್ಲ. ಒಂದ ಕೈಲೆ ಎಷ್ಟಂತ ಮಾಡ್ಯಾನು, ಪಾಪ." ಪರದೆಯ ಕಡೆ ಕೈ ತೋರಿಸಿ ಅಂದ: "ನಿನಗ ಸೀದಾ ಮಾಡಾಕ ಬರತದಲ್ಲ? ಈಗ ಮಾಡಿ ಕೊಡು. ಅವಗ ಹೇಳೂದು ಬ್ಯಾಡ, ಸುಮ್ಮ ಮನಸಿಗೆ ಹಚಗೋತಾನ."

ನನಗೆ ಬರುತ್ತಿತ್ತು. ಎಲ್ಲ ಚೌಕಗಳನ್ನೂ ಒಟ್ಟಿಗೆ ಹಿಡಿದು ಒಂದು ಕಡೆ ಒತ್ತಿದರೆ ಅವು ಗೆರೆಗೆ ಬಂದು ಕೂಡುತ್ತವೆ. ಇನ್ನೊಂದು ಕಡೆ ಎಳೆದರೆ ಎಲ್ಲದರ ಜೋರೂ ಸಮ. ತಮ್ಮ ಅದನ್ನು ತೋರಿಸಿದ್ದೇ, ಎಂದೂ ಮುಟ್ಟಬೇಡ ಎಂದು ಹೇಳುವುದಕ್ಕೆ. ನಾನು ಮುಟ್ಟಿದೆ. ಅವನಿಗೆ ನೋವಾಗದಿರಲಿ ಎಂದು ಮಾಡಿದೆ ಅಂದರೆ ಅರ್ಧ ನಿಜ. ಉಳಿದರ್ಧ ಏನೆಂದರೆ, ಆ 'ಪಾಪ' ಅನ್ನುವ ಮಾತು ನನಗೂ ಖರೇ ಅನ್ನಿಸಿತು. ಇಷ್ಟು ದಿನ ಪಕ್ಕದಲ್ಲಿ ಕೂತು ಕೇಳಿದವಳು ನಾನು, ಹೊರಗಿನವನ ಒಂದು ಮಾತಿಗೆ ನನ್ನ ತಮ್ಮನನ್ನು ಕೈಬಿಟ್ಟೆ. ಅದರ ಮೇಲೇ ಸೇವ್ ಮಾಡಿದೆ. ಹಳೆಯದು ಹೋಯಿತು.

ಕೆಲವು ವಾರಗಳ ನಂತರ ತಮ್ಮನೂ ನಾನೂ ಊರಿನ ಗುಡಿಗೆಂದು ಜೀಪಿನಲ್ಲಿ ಹೊರಟಿದ್ದೆವು. ಡ್ರೈವರ್ ಅದೇ ಹಾಡು ಹಾಕಿದ. ತಮ್ಮನ ತುಂಡು ಕೈ ಎದ್ದಿತು, ಹಾಗೇ ನಿಂತಿತು.

"ಅಕ್ಕಾ, ಇದು ನಾ ಮಾಡಿದ್ದ ಏನು?"

"ಹೂಂ. ಮತ್ತ್ಯಾರು ಮಾಡ್ಯಾರು?"

ಹಾಡು ಮುಗಿಯುವ ತನಕ ಅವನು ಮುಂದಕ್ಕೆ ಬಾಗಿ ಕಿವಿಯನ್ನು ಸ್ಪೀಕರಿಗೆ ಕೊಟ್ಟು ಕೂತ. ಗುಡಿಯಲ್ಲಿ ಭಂಡಾರ ಹಚ್ಚಿಕೊಂಡು ಡೊಳ್ಳಿನವರ ಪಾದಗಳನ್ನೇ ನೋಡುತ್ತ ಕೂತ. ಸೊಲ್ಲಾಪುರಕ್ಕೆ ಬಂದವನೇ ಕಂಪ್ಯೂಟರ್ ತೆಗೆದ. ಚೌಕಗಳು ಗೆರೆಯ ಮೇಲೆ ಸಿಪಾಯಿಗಳ ಹಾಗೆ ನಿಂತಿದ್ದವು.

"ನಾ ಹಿಂಗ ಹಾಕಿದ್ದೆನೇನು?"

ಆಗಲಾದರೂ ಹೇಳಬಹುದಿತ್ತು. "ನೀನ ಹೇಳಿದಿ, ನಾ ಒತ್ತೀನಿ. ನನಗ ಗೊತ್ತಿಲ್ಲೇನು?" ಅಂದೆ. ಬೈದ ಹಾಗೆ ಅಂದೆ, ಮತ್ತೆ ಕೇಳಬಾರದೆಂದು.

ಅವನು ನನ್ನನ್ನು ನಂಬಿದ. ಪರದೆಯ ಬೆಳಕು ಆರಿಸಿ, "ಹಂಗಾರ ಈ ಗುಳಿಗಿ ನನ್ನ ಕಿವಿ ತಿಂದಾವ ಅಕ್ಕಾ. ಕೇಳಿದ್ದೊಂದು, ಮಾಡಿದ್ದೊಂದು ಆಗ್ಯದ," ಅಂದ. ಗುಳಿಗೆ ನುಂಗಿದರೆ ಅವನಿಗೆ ತಲೆ ಜಡವಾಗುತ್ತಿದ್ದುದು ನಿಜ. "ಹಂಗೇನಿಲ್ಲ ಬಿಡು," ಎಂದು ನಾನು ಬೀಡಿ ಎಲೆ ಕತ್ತರಿಸಲು ಎದ್ದುಹೋದೆ.

ಆಮೇಲೆ ಅವನು ಕೆಲಸಕ್ಕೆ ಕರೆಯಲಿಲ್ಲ. ಒಬ್ಬನೇ ಕೂತು ಒಂದೇ ಡೊಳ್ಳಿನ ಪೆಟ್ಟನ್ನು ಆಚೆ ಈಚೆ ಸರಿಸಿ ಕೇಳುತ್ತಿದ್ದ. ಒಂದು ಸಂಜೆ ಮುಖ ಗೆಲುವಾಗಿತ್ತು. "ಕೇಳಾಕತ್ತದ ಅಕ್ಕಾ. ಮತ್ತ ಮೊದಲಿನಂಗ ಕೇಳಾಕತ್ತದ," ಅಂದ. ಯಾಕೆ ಎಂದು ನಾನು ಕೇಳಲಿಲ್ಲ. ನನ್ನ ಸುಳ್ಳು ಅಲ್ಲಿಗೆ ಮುಗಿಯಿತು ಎಂದು ನೆಮ್ಮದಿಯಾಯಿತು.

ಮರುವಾರವೇ ಇರಬೇಕು, ಬೆಳಿಗ್ಗೆ ಬಚ್ಚಲಿಗೆ ಹೋದವನು ಹೊರಗೆ ಬರಲಿಲ್ಲ. ನಲ್ಲಿಯ ನೀರು ಹರಿಯುತ್ತಲೇ ಇತ್ತು. ಬಾಗಿಲು ಮುರಿದಾಗ ಗೋಡೆಗೆ ತಲೆ ಆನಿಸಿ ಬಿದ್ದಿದ್ದ. ತಣ್ಣಗಾಗಿದ್ದ. ಸ್ಪೀಕರಿನ ಹಿಂದೆ ಗುಳಿಗೆಯ ಪಟ್ಟಿಗಳು ಸಿಕ್ಕವು, ಒಡೆಯದೆ ಹಾಗೇ.

ಮೂರನೆಯ ದಿನ ಹಾಡುಗಾರ ಮಾತಾಡಿಸಲು ಬಂದ. ಅವ್ವನ ಮುಂದೆ ಕೂತು ಕಣ್ಣೀರು ಹಾಕಿದ. "ಕಾಯ ಸಾಂಗೂ ಅವ್ವಾ, ಏನ ಹೇಳಲಿ. ಎಂಥಾ ಬೀಟ್ ಅವಂದು. ಘಡಿಯಾಳ ಇದ್ದಂಗ," ಅಂದ. ನಾನು ಅವನಿಗೆ ಚಹಾ ಕೊಟ್ಟೆ.

ಅವ್ವ ತಾನೇ ತಪ್ಪಿತಸ್ಥಳು ಎಂದು ತಿಳಿದಿದ್ದಾಳೆ. ಮಗ ಗುಳಿಗೆ ಮರೆತ, ತಾನು ಎದುರಿಗೆ ನಿಂತು ನುಂಗಿಸಬೇಕಿತ್ತು ಎಂದು ಈಗಲೂ ಬೀಡಿ ಕಟ್ಟುತ್ತ ಕಟ್ಟುತ್ತ ತನ್ನನ್ನೇ ಬೈದುಕೊಳ್ಳುತ್ತಾಳೆ. ಎದುರಿಗೇ ಕೂತು ನಾನೂ ಕಟ್ಟುತ್ತೇನೆ. ಇದನ್ನೆಲ್ಲ ಬರೆದಿಟ್ಟಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ. ಬರುತ್ತಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ.