ಮಂತ್ರಿಯ ಸಮಾಧಿ ಕುಸಿದ ಮಧ್ಯಾಹ್ನ

2007ರಲ್ಲಿ ನಾನೂ ಧಾರವಾಡದ ನನ್ನ ರೂಮ್‌ಮೇಟೂ ಸಿಡ್ನಿಯಿಂದ ದೂರದ ಹಳ್ಳಿಯೊಂದರ ಹಳೆಯ ಸ್ಮಶಾನದಲ್ಲಿ ವಾರಾಂತ್ಯಕ್ಕೆ ಹುಲ್ಲು ಕತ್ತರಿಸುತ್ತಿದ್ದೆವು. ನೂರು ವರ್ಷದ ಹಿಂದಿನ ರಾಜಕಾರಣಿಗಳ ಸಮಾಧಿಗಳು ಅಲ್ಲಿದ್ದವು. "ಮಂತ್ರಿಯ ಸಮಾಧಿ ಹತ್ತಬೇಡಿ, ಒಳಗೆಲ್ಲ ಪೊಳ್ಳು," ಎಂದು ಅಲ್ಲಿನ ಮುದುಕ ಮೇಲ್ವಿಚಾರಕ ಮೊದಲ ದಿನವೇ ಎಚ್ಚರಿಸಿದ್ದ.

ಆ ಮಧ್ಯಾಹ್ನ ಗೆಳೆಯ ಕಲ್ಲಿನ ಅಕ್ಷರ ಓದಲು ಮಂತ್ರಿಯ ಸಮಾಧಿಯ ಮೇಲೆಯೇ ಮಂಡಿಯೂರಿದ.

"ಲೇ, ಕಲ್ಲು ಅಳ್ಳಾಡಾಕತ್ತೈತಿ," ಎಂದ.

ನಾನು ಓಡುವಷ್ಟರಲ್ಲಿ ಚಪ್ಪಡಿ ಮುರಿದು, ಅವನು ಸೊಂಟದವರೆಗೆ ಇಳಿದುಹೋಗಿದ್ದ. ಕೈ ಹಿಡಿದು ಎಳೆದೆ.

"ಕಾಲಿಗೆ ನೆಲಾನ ಸಿಗವಲ್ದು," ಎಂದು ಅವನು ಬಿಕ್ಕಿದ.

ಮುದುಕನೂ ಕೈಹಾಕಿದ ಮೇಲೆ ಹೊರಬಂದ. ಒಂದು ಬೂಟು ಒಳಗೇ ಉಳಿಯಿತು. ಯಾರೂ ಬಗ್ಗಿ ನೋಡಲಿಲ್ಲ.

ಮರುವಾರ ನಾನೊಬ್ಬನೇ ಹೋದೆ. ಗುಂಡಿಯ ಸುತ್ತ ಹಗ್ಗ ಕಟ್ಟಿದ್ದರು. ಪಕ್ಕದ ಸಮಾಧಿಯಲ್ಲೂ ಸಣ್ಣ ಬಿರುಕೊಂದು ಮೂಡಿತ್ತು.