ಉಪ್ಪಿಲ್ಲದ ಸ್ಯಾಂಡ್‌ವಿಚ್

ಜಯಲಕ್ಷ್ಮಿಪುರಂನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಏನೇ ಮಾಡಿದರೂ "ಏನೂ ಆಗಲ್ಲ ಅಲ್ವಾ?" ಎಂದು ಕೇಳುತ್ತಿದ್ದರು. ಅಂಕಲ್‌ಗೆ ಹೃದಯದ ಆಪರೇಷನ್ ಆದ ವರ್ಷ ಆ ಮಾತು ಇನ್ನೂ ಹೆಚ್ಚಾಯಿತು. ಮೇ ತಿಂಗಳ ಕೊನೆಯ ಭಾನುವಾರ ಅಂಕಲ್ ಮೊದಲ ಸಲ ಹೊರಗೆ, ನಮ್ಮೆಲ್ಲರ ಜೊತೆ ಕುಕ್ಕರಹಳ್ಳಿ ಕೆರೆಗೆ ಪಿಕ್‌ನಿಕ್ ಹೊರಟಿದ್ದರು. ಆ ಬೆಳಿಗ್ಗೆ ಆಂಟಿ ಹನ್ನೊಂದು ಸಲ ಹಾಗೆ ಕೇಳಿದರೆಂದು ನನ್ನ ಡೈರಿಯಲ್ಲಿದೆ.

ಹಿತ್ತಲಿನ ಐದು ಟೊಮೆಟೊ, ಹದಿನಾರು ಸ್ಲೈಸ್ ಬ್ರೆಡ್ಡು. ಆಂಟಿ ಟೊಮೆಟೊ ತೆಳ್ಳಗೆ ಹೆಚ್ಚಿ ಬ್ರೆಡ್ಡಿನ ಮೇಲೆ ಜೋಡಿಸಿದರು. ಕಾಳುಮೆಣಸಿನ ಪುಡಿ ಉದುರಿಸಿದ ಮೇಲೆ ನಾನು ಉಪ್ಪಿನ ಡಬ್ಬಿ ಎತ್ತಿಕೊಂಡೆ. ಅವರು ನನ್ನ ಕೈ ಹಿಡಿದರು.

"ಡಾಕ್ಟ್ರು ಅವ್ರಿಗೆ ಉಪ್ಪು ಬೇಡ ಅಂದಿದಾರೆ ಕಣಮ್ಮ. ಒಬ್ರಿಗೇ ಬೇರೆ ಮಾಡಿದ್ರೆ ತಿನ್ನೋದೇ ಬಿಟ್ಬುಡ್ತಾರೆ. ಎಲ್ರಿಗೂ ಹಿಂಗೇ. ಯಾರೂ ಸಪ್ಪೆ ಅನ್ಬೇಡಿ."

ಕೆರೆ ಏರಿಯ ಮರದಡಿ ನಾನೂ ಅವರ ಇಬ್ಬರು ಮಕ್ಕಳೂ ಸಪ್ಪೆ ಸ್ಯಾಂಡ್‌ವಿಚ್ ಅಗಿದೆವು. ಅಂಕಲ್ ನಮ್ಮ ಮುಖ ನೋಡಿದರು.

"ಏನ್ರೋ, ನಿಮ್ಗೂ ಆಪರೇಷನ್ ಆಗಿದ್ಯಾ?"

ಹಾಗೆಂದವರೇ ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದರು. ಆಂಟಿಯ ಮುಖ ಬಿಳಿಚಿಕೊಂಡಿತು.

"ರೀ, ಬೇಡ ಕಣ್ರೀ!"

"ಅಡುಗೆಮನೆ ಮಾತು ನಂಗೂ ಕೇಳ್ಸುತ್ತೆ ಕಣೇ. ಮಕ್ಕಳು ಯಾಕೆ ಪಥ್ಯ ಮಾಡ್ಬೇಕು?"

ನಮ್ಮ ಒಂದೊಂದೇ ಸ್ಯಾಂಡ್‌ವಿಚ್ ಬಿಡಿಸಿ ಟೊಮೆಟೊ ಮೇಲೆ ಚಿಟಿಕೆ ಉಪ್ಪು ಹಾಕುತ್ತ ಹೋದರು. ಆಂಟಿ ಆ ಬೆರಳುಗಳು ಬಾಯಿಗೆ ಹೋಗುತ್ತವೆಯೇ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಕೊನೆಗೆ ಅಂಕಲ್ ಉಪ್ಪಂಟಿದ ಕೈಯನ್ನು ಅವರ ಮುಂದೆ ಚಾಚಿ, "ನೀರು ಹಾಕೇ" ಎಂದರು.

ಆಂಟಿ ಕುಡಿಯಲು ತಂದಿದ್ದ ಬಾಟಲಿಯ ನೀರನ್ನೆಲ್ಲ ಆ ಕೈಯ ಮೇಲೆ ಸುರಿದುಬಿಟ್ಟರು.